ಸಾಮಾನ್ಯ ನಷ್ಟ ಎಂಬ ಪಾಠ

ಮೆಂತ್ಯ ಪಲ್ಯೆಯಷ್ಟು ಸಂಶಯಕ್ಕೆ ಎಡೆಮಾಡಿಕೊಡುವ ಪದಾರ್ಥ ಅಡುಗೆಮನೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಬಹುದಿನದ ಅಭಿಪ್ರಾಯ. ಸಂತೆಯಿಂದ ತಂದ ನಾಲ್ಕು ಸೂಡು ಸೊಪ್ಪನ್ನು ಪಡಸಾಲೆಯಲ್ಲಿ ಹರವಿಕೊಂಡು, ಮನೆಮಂದಿಯೆಲ್ಲ ಸುತ್ತ ಕುಳಿತು ಎಲೆ ಬಿಡಿಸಿ, ಬುಟ್ಟಿ ತುಂಬಿ ಚೆಲ್ಲುವಂತೆ ಮಾಡಿ ಒಳಗೆ ಕಳಿಸಿರುತ್ತಾರೆ. ಅರ್ಧ ಗಂಟೆಯ ನಂತರ ಬೋಗುಣಿಯಲ್ಲಿ ಒಂದು ಮುಷ್ಟಿಯಷ್ಟು ಹಸಿರು ಮುದ್ದೆ ಹೊರಬರುತ್ತದೆ. ನನ್ನ ಯಜಮಾನರು ಬೋಗುಣಿಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. "ಇಷ್ಟ ಏನ?" ಎನ್ನುತ್ತಾರೆ. ಆ ಎರಡು ಶಬ್ದಗಳಲ್ಲಿ ಒಂದು ದೋಷಾರೋಪಪಟ್ಟಿಯೇ ಅಡಗಿರುತ್ತದೆ. ನನ್ನ ಅಜ್ಜಿಯೂ ನನ್ನ ತಾಯಿಯನ್ನು ಹೀಗೆಯೇ ನೋಡುತ್ತಿದ್ದುದು ನನಗೆ ನೆನಪಿದೆ. ಓದುಗರೇ, ನಿಮ್ಮ ಮನೆಯಲ್ಲಿಯೂ ಈ ನೋಟವೊಂದು ಇದ್ದೇ ಇರುತ್ತದೆ, ಸುಮ್ಮನೆ ಇಲ್ಲವೆನ್ನಬೇಡಿ.

ನಾನಾದರೋ ವಾಣಿಜ್ಯ ಪದವೀಧರೆ. "ಇದಕ್ಕ ಸಾಮಾನ್ಯ ನಷ್ಟ ಅಂತಾರ್ರಿ" ಎಂದು ಗಂಭೀರವಾಗಿ ಹೇಳಿ ರೊಟ್ಟಿ ಬಡಿಸುತ್ತೇನೆ. ಶಾಸ್ತ್ರದ ಮಾತಿಗೆ ಎದುರಾಡುವ ಧೈರ್ಯವಿಲ್ಲದ ಅವರು ತಲೆಯಾಡಿಸಿ, ನನ್ನ ಪಾಲಿನ ಪಲ್ಯೆಯನ್ನೂ ತಮ್ಮ ತಾಟಿಗೆ ಹಾಕಿಕೊಳ್ಳುತ್ತಾರೆ. ಅದು ಅಸಾಮಾನ್ಯ ನಷ್ಟ. ಇವೆರಡರ ಭೇದವನ್ನು ನನಗೆ ಕಲಿಸಿದ್ದು ಜಮಖಂಡಿಯ ಕಾಲೇಜು.

ನಮ್ಮ ಕಡೆ ಬಿ.ಕಾಂ. ಎಂದರೆ ಒಂದು ತರಹದ ಮಧ್ಯಮಮಾರ್ಗ. ವಿಜ್ಞಾನ ಓದುವವರನ್ನು ಜನ ಭಯಭಕ್ತಿಯಿಂದ ನೋಡುತ್ತಾರೆ. ಕಲಾ ವಿಭಾಗದವರನ್ನು ಕನಿಕರದಿಂದ ನೋಡುತ್ತಾರೆ. ನಮ್ಮನ್ನು ನೋಡಿ, "ಛಲೋ ಆತು ಬಿಡ, ಎಲ್ಯರೆ ಅಂಗಡ್ಯಾಗ ಲೆಕ್ಕಾ ಬರ್ಕೊಂಡ ಇರ್ತೀರಿ" ಎಂದು ನಮ್ಮ ಇಡೀ ಭವಿಷ್ಯವನ್ನು ಬಸ್‌ಸ್ಟ್ಯಾಂಡಿನಲ್ಲಿಯೇ ಬರೆದುಕೊಟ್ಟು ಹೋಗುತ್ತಾರೆ. ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ನಿಂತುಕೊಂಡೇ ಪದವಿ ಪಡೆದವಳು ನಾನು. ಕುಳಿತು ಓದಿದ್ದಕ್ಕಿಂತ ಕಂಬ ಹಿಡಿದು ನಿಂತು ಬಾಯಿಪಾಠ ಮಾಡಿದ್ದೇ ಹೆಚ್ಚು. ನಮ್ಮ ತರಗತಿಯಲ್ಲಿ ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳಿದ್ದೆವು, ಮುಧೋಳದ ಕಡೆಯ ಕಬ್ಬಿನ ಮಕ್ಕಳಿದ್ದರು, ಬೀಳಗಿಯಿಂದ ಬಂದು ರೂಮು ಮಾಡಿಕೊಂಡಿದ್ದವರಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ನಾಲ್ಕು ಊರಿನ ಶೇಂಗಾ ಚಟ್ನಿಗಳು ಒಂದೇ ಬೆಂಚಿನ ಮೇಲೆ ಕೂಡುತ್ತಿದ್ದವು, ಯಾರ ಊರಿನದು ಖಾರ ಎಂಬುದರ ಮೇಲೆ ಜಗಳವೂ ಆಗುತ್ತಿತ್ತು.

ಪಠ್ಯಪುಸ್ತಕದ ಜಗತ್ತು ಮಾತ್ರ ನಮ್ಮ ನಾಲ್ಕೂ ಊರುಗಳಿಗೆ ಸೇರಿದ್ದಾಗಿರಲಿಲ್ಲ. ಅಲ್ಲಿ 'ಎ', 'ಬಿ' ಮತ್ತು 'ಸಿ' ಎಂಬ ಮೂವರು ಪಾಲುದಾರರು ಇರುತ್ತಿದ್ದರು. ಅವರಿಗೆ ಅಪ್ಪ-ಅವ್ವ ಇಟ್ಟ ಹೆಸರಿಲ್ಲ, ಮನೆತನವಿಲ್ಲ, ಊರಿಲ್ಲ. ಲಾಭಹಾನಿಗಳ ಅನುಪಾತವೊಂದೇ ಅವರ ಕುಲಗೋತ್ರ. ಪ್ರಶ್ನೆಯ ಎರಡನೆಯ ವಾಕ್ಯದಲ್ಲಿ 'ಸಿ' ಮರಣ ಹೊಂದುತ್ತಿದ್ದ. ಯಾರೂ ಅಳುತ್ತಿರಲಿಲ್ಲ. ಅವನ ಬಂಡವಾಳ ಖಾತೆಯನ್ನು ತಯಾರಿಸಿರಿ ಎಂದು ನಮಗೆ ಅಪ್ಪಣೆಯಾಗುತ್ತಿತ್ತು, ನಾವು ಮರುಮಾತಿಲ್ಲದೆ ತಯಾರಿಸುತ್ತಿದ್ದೆವು. ಹೀಗೆ ಮೂರು ವರ್ಷಗಳಲ್ಲಿ ನಾನು ಎಷ್ಟು ಜನ 'ಸಿ'ಗಳ ಉತ್ತರಕ್ರಿಯೆಯನ್ನು ನೆರವೇರಿಸಿದ್ದೇನೋ ಲೆಕ್ಕವಿಲ್ಲ. ಇನ್ನು ಅಢಾವೆ ಪತ್ರಿಕೆ ಎಂಬ ಬ್ಯಾಲೆನ್ಸ್ ಶೀಟು. ಅದರ ಎರಡೂ ಬದಿಗಳು ಕೂಡಿ ಬಂದಾಗ ಆಗುತ್ತಿದ್ದ ಆನಂದವನ್ನು ಯೋಗಿಗಳ ಸಮಾಧಿಸುಖಕ್ಕೆ ಹೋಲಿಸಬಹುದೇನೋ. ಆದರೆ ಅದು ಕೂಡಿ ಬರಲಿ ಎಂದೇ ಪುಸ್ತಕ ಬರೆದವರು ಅಂಕಿಗಳನ್ನು ಹೊಂದಿಸಿ ಇಟ್ಟಿರುತ್ತಾರೆ ಎಂಬ ಗುಟ್ಟು ಆಗ ನನಗೆ ಹೊಳೆದಿರಲಿಲ್ಲ.

ವೆಚ್ಚಲೆಕ್ಕ ಕಲಿಸುತ್ತಿದ್ದವರು ಗಲಗಲಿ ಸರ್. ಬೀಳಗಿ ತಾಲೂಕಿನವರು, ಇಸ್ತ್ರಿ ಮಾಡಿದ ಅಂಗಿಯ ತೋಳಿಗೆ ಸದಾ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿರುತ್ತಿದ್ದವರು. ಉತ್ಪಾದನೆಯಲ್ಲಿ ಆಗುವ ಸಾಮಾನ್ಯ ನಷ್ಟದ ಪಾಠ ಬಂದ ದಿನ ಅವರು ಬೋರ್ಡಿನ ಮೇಲೆ ಬರೆದ ಲೆಕ್ಕ ನಮಗೆ ತಿಳಿಯಲಿಲ್ಲ. ಎರಡನೆಯ ದಿನವೂ ತಿಳಿಯಲಿಲ್ಲ. ಮೂರನೆಯ ದಿನ ಅವರು ಪುಸ್ತಕ ಮುಚ್ಚಿ, "ನಡೀರಿ, ಗಾಣಕ್ಕ ಹೋಗೂಣು" ಎಂದರು. ಮುಧೋಳದ ಕಡೆಯ ಮಹಾದೇವ ಎಂಬ ನಮ್ಮ ಸಹಪಾಠಿಯ ಹೊಲದಲ್ಲಿ ಬೆಲ್ಲದ ಗಾಣ ನಡೆದಿತ್ತು. ಇಡೀ ತರಗತಿ ಒಂದು ಟೆಂಪೋ ಹತ್ತಿ ಹೊರಟಿತು.

ಅಲ್ಲಿ ಸರ್ ಮೊದಲು ಕಬ್ಬಿನ ರಸವನ್ನು ತೂಗಿಸಿದರು. ಅದು ಕೊಪ್ಪರಿಗೆಯಲ್ಲಿ ಕುದ್ದು, ನೊರೆಯೆದ್ದು, ಪಾಕವಾಗಿ, ಅಚ್ಚಿಗಿಳಿದು ಬೆಲ್ಲವಾಗುವ ತನಕ ನಾವು ಗಾಣದ ಸುತ್ತ ಕಬ್ಬು ಸಿಗಿದು ತಿನ್ನುತ್ತ, ಮಹಾದೇವನ ಮನೆಯ ಮುಧೋಳ ನಾಯಿಯನ್ನು ದೂರದಿಂದಲೇ ಮಾತನಾಡಿಸುತ್ತ ಕಾಲ ಕಳೆದೆವು. ಆ ನಾಯಿಯ ಎಲುಬುಗಳನ್ನು ಎಣಿಸಬಹುದಾಗಿತ್ತು. ಎಷ್ಟು ಹಾಕಿದರೂ ಮೈ ಹಿಡಿಯದು ಎಂದು ಮಹಾದೇವ ಅಭಿಮಾನದಿಂದ ಹೇಳಿದ. ಕಡೆಗೆ ಬೆಲ್ಲ ತೂಗಿದ್ದಾಯಿತು. ಸರ್ ಎಲ್ಲರನ್ನೂ ಕೊಪ್ಪರಿಗೆಯ ಬಳಿ ಕರೆದು ಕೇಳಿದರು:

"ರಸಾ ಅಷ್ಟಿತ್ತು, ಬೆಲ್ಲಾ ಇಷ್ಟ ಆತು. ಉಳದದ್ದ ಎಲ್ಲಿ ಹೋತು?"

ಹಿಂದಿನಿಂದ ಯಾವನೋ, "ಮಹಾದ್ಯಾನ ಮನ್ಯಾವರು ಕದ್ದಾರ್ರಿ ಸರ್!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರ್ ನಗಲಿಲ್ಲ. ಕೊಪ್ಪರಿಗೆಯ ಮೇಲೆ ಇನ್ನೂ ಏಳುತ್ತಿದ್ದ ಉಗಿಯತ್ತ ಕೈ ತೋರಿಸಿ, "ಅಗಾ, ಹೊಂಟಾನ ನೋಡ್ರಿ ನಿಮ್ಮ ಕಳ್ಳ. ಹಿಡೀರಿ ಹೋಗ್ರಿ!" ಎಂದರು. ಆಮೇಲೆ ಅವರು ಹೇಳಿದ ಮಾತು ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. "ನಷ್ಟಾ ಕಂಡಕೂಡ್ಲೆ ಮನಷ್ಯಾನ ಮಾರಿ ನೋಡಬ್ಯಾಡ್ರಿ. ಮೊದಲ ಮಾಲಿನ ಗುಣಾ ನೋಡ್ರಿ. ಆರೂದು, ಇಂಗೂದು, ಒಣಗೂದು ಅದರ ಗುಣಾ ಇದ್ರ ಅದನ್ನ ಯಾರ ತಲಿಗೂ ಕಟ್ಟಬಾರ್ದು. ಮಾಲಿನ ಗುಣದಾಗ ಉತ್ತರ ಸಿಗದಿದ್ರ, ಆಮ್ಯಾಲ ಬೇಕಾದ್ರ ಮನಷ್ಯಾನ ಕೇಳ್ರಿ."

ಅಷ್ಟರಲ್ಲಿ ನಾವು ಬಿಸಿಬೆಲ್ಲಕ್ಕೆ ಕೈ ಹಾಕಿದ್ದೆವು. ಅದು ಯಾವ ನಷ್ಟವೆಂದು ಸರ್ ಬೇರೆ ಹೇಳಬೇಕಾಗಲಿಲ್ಲ. ಪರೀಕ್ಷೆಯಲ್ಲಿ ಆ ಲೆಕ್ಕ ಬಂತು, ಬರೆದೆ, ಪಾಸಾದೆ. ಪಾಸಾದ ಮೇಲೆ ಎಲ್ಲರೂ ಮರೆಯುವಂತೆ ನಾನೂ ಮರೆತೆ.

ನನ್ನ ಮೊದಲ ನೌಕರಿ ರಬಕವಿಯ ಒಂದು ಸೀರೆ ವ್ಯಾಪಾರದ ಮಳಿಗೆಯಲ್ಲಿ. ಮಾಲೀಕರು ಪದ್ಮಣ್ಣ ಸಾವಕಾರರು. ಜೈನ ಮನೆತನ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ನೇಮದವರಾದ್ದರಿಂದ ಸಂಜೆಯ ಲೆಕ್ಕವೂ ಸೂರ್ಯನೊಡನೆ ಪಂದ್ಯ ಕಟ್ಟಿಕೊಂಡೇ ಮುಗಿಯಬೇಕು. ನಡೆಯುವಾಗ ಇರುವೆಯ ಸಾಲು ಕಂಡರೆ ಸುತ್ತುಹಾಕಿ ಹೋಗುವ ಮೃದುಸ್ವಭಾವದ ಮನುಷ್ಯ. ಅವರು ನೇಕಾರರ ಮನೆಗಳಿಗೆ ನೂಲನ್ನು ತೂಗಿ ಕೊಡುತ್ತಾರೆ. ನೇಕಾರರು ಸೀರೆ ನೇಯ್ದು ತಂದು, ಉಳಿದ ನೂಲು ಚಿಂದಿಗಳೊಡನೆ ತೂಗಿ ಒಪ್ಪಿಸಿ, ಮಜೂರಿ ಪಡೆಯುತ್ತಾರೆ. ತೂಕದಲ್ಲಿ ಕಡಿಮೆ ಬಿದ್ದ ನೂಲಿನ ಬೆಲೆಯನ್ನು ಮಜೂರಿಯಲ್ಲಿ ಮುರಿದುಕೊಳ್ಳುತ್ತಾರೆ. ತಲೆಮಾರುಗಳಿಂದ ನಡೆದುಬಂದ ಪದ್ಧತಿ.

ಮೊದಲ ದಿನ ಜಿ.ಎಸ್.ಟಿ. ಪೋರ್ಟಲಿನ ಮುಂದೆ ನನ್ನನ್ನು ಕೂಡಿಸಿದರು. ನನ್ನ ಕೈಯಲ್ಲಿ ಪದವಿಪ್ರಮಾಣಪತ್ರವಿತ್ತು, ಮಂಡೆಯಲ್ಲಿ 'ಎ', 'ಬಿ', 'ಸಿ'ಗಳಿದ್ದರು. ಪೋರ್ಟಲು ಕೇಳಿದ್ದು ಮಾತ್ರ ಒ.ಟಿ.ಪಿ. ಅದು ಸಾವಕಾರರ ಫೋನಿಗೆ ಹೋಯಿತು. ಫೋನು ಅವರ ಮನೆಯವರ ಕೈಯಲ್ಲಿತ್ತು. ಮನೆಯವರು ಬಸದಿಯಲ್ಲಿದ್ದರು, ಪೂಜೆ ಮುಗಿಯುವ ತನಕ ಫೋನು ಎತ್ತುವವರಲ್ಲ. ಅವರು ಹೊರಬಂದು ಹೇಳುವಷ್ಟರಲ್ಲಿ ಒ.ಟಿ.ಪಿ.ಯ ಆಯುಷ್ಯ ಮುಗಿದಿತ್ತು. ಹೀಗೆ ಮಧ್ಯಾಹ್ನದ ತನಕ ಪೋರ್ಟಲು, ಬಸದಿ ಮತ್ತು ನಾನು ಒಬ್ಬರನ್ನೊಬ್ಬರು ಕಾದೆವು. ಸಾವಕಾರರು ತಾಳ್ಮೆಯಿಂದಲೇ ಕೇಳಿದರು: "ತಂಗಿ, ಕಾಲೇಜಿನ್ಯಾಗ ಖರೇನ ಏನ ಕಲತ ಬಂದಿ?"

ರಿಟರ್ನು ತುಂಬುವುದು, ಸಾಫ್ಟ್‌ವೇರಿನಲ್ಲಿ ನಮೂದು ಹಾಕುವುದು, ಇ-ವೇ ಬಿಲ್ಲು ತೆಗೆಯುವುದು, ಗಿರಾಕಿಯ ಸಿಟ್ಟನ್ನು ಫೋನಿನಲ್ಲಿಯೇ ತಣಿಸುವುದು, ಇವನ್ನೆಲ್ಲ ಕಲಿತದ್ದು ಮಳಿಗೆಯಲ್ಲಿಯೇ, ಬೈಸಿಕೊಂಡು. ಒಂದೆರಡು ವರ್ಷದಲ್ಲಿ ನಾನು ಪಳಗಿದೆ. ಆದರೂ ಆ ಪ್ರಶ್ನೆ ಚಪ್ಪಲಿಯೊಳಗಿನ ಹರಳಿನ ಹಾಗೆ ಆಗಾಗ ಚುಚ್ಚುತ್ತಿತ್ತು. ಅಪ್ಪ ಮಗ್ಗದ ಮೇಲೆ ಬೆನ್ನು ಬಗ್ಗಿಸಿ ಕಟ್ಟಿದ ಫೀಜು, ಬಸ್ಸಿನಲ್ಲಿ ನಿಂತು ಸವೆಸಿದ ಮೂರು ವರ್ಷ, ಎಲ್ಲವೂ ಒಂದು ಚೌಕಟ್ಟು ಹಾಕಿದ ಕಾಗದಕ್ಕಾಗಿಯೇ ಆಯಿತೇನೋ ಎನಿಸುತ್ತಿತ್ತು.

ಹೀಗಿರುವಾಗ ಸಾವಕಾರರು ಹಳೆಯ ತಕ್ಕಡಿಯನ್ನು ಅಟ್ಟಕ್ಕೆ ಹಾಕಿ ಹೊಸ ಎಲೆಕ್ಟ್ರಾನಿಕ್ ಕಾಟಾ ತಂದರು. ತಕ್ಕಡಿಗೆ ಒಂದು ದೊಡ್ಡ ಗುಣವಿತ್ತು: ಅದು ಸಣ್ಣಪುಟ್ಟದ್ದನ್ನು ಕಂಡೂ ಕಾಣದ ಹಾಗೆ ಇರುತ್ತಿತ್ತು. ಕಾಟಾಕ್ಕೆ ಆ ದಾಕ್ಷಿಣ್ಯವಿಲ್ಲ. ಅದು ಕೆಂಪು ಅಂಕಿಗಳಲ್ಲಿ ಗ್ರಾಮು ಗ್ರಾಮಿಗೂ ಚಾಡಿ ಹೇಳತೊಡಗಿತು. ನದಿಯ ಕಡೆಯ ಓಣಿಗಳಿಂದ ಬರುವ ಸೀರೆಗಳಲ್ಲಿ ಅಷ್ಟೇನೂ ವ್ಯತ್ಯಾಸ ಬರಲಿಲ್ಲ. ಊರ ಮೇಲಿನ ಗುಡ್ಡದ ಮಗ್ಗುಲಿನ ಗೌರವ್ವನ ಮನೆಯ ಸೀರೆಗಳು ಮಾತ್ರ, ಬೇಸಿಗೆ ಏರಿದ ಹಾಗೆ, ಪ್ರತಿ ಸಲವೂ ಕೊಟ್ಟ ನೂಲಿಗಿಂತ ಹಗುರ.

"ಅವರ ಅತ್ತಿ ನೀಲವ್ವನ ಕಾಲದಿಂದ ನಡದಬಂದದ್ದ ಇದು," ಎಂದರು ಸಾವಕಾರರು, ದನಿ ಏರಿಸದೆಯೇ. "ನಮ್ಮ ಅಪ್ಪಾರು ಇದಕ್ಕ ಆಕಿಗೆ ನೂಲ ಕೊಡೂದ ಬಿಟ್ಟಿದ್ರು. ನಾ ಮಗನ ಮಾರಿ ನೋಡಿ ಮತ್ತ ಸುರು ಮಾಡಿದ್ನಿ. ಹುಟ್ಟಗುಣಾ ಸುಟ್ರೂ ಹೋಗೂದಿಲ್ಲ. ಯುಗಾದಿ ಪಾಡ್ಯಾ ಆಗ್ಲಿ, ಅವರ ಮನೀಗೆ ನೂಲ ಬಂದ್."

ಅತ್ತೆಯ ಹುಟ್ಟುಗುಣ ಸೊಸೆಗೆ ಬರುವುದು ಯಾವ ಆನುವಂಶಿಕ ಶಾಸ್ತ್ರದ ಪ್ರಕಾರವೋ ನನಗೆ ತಿಳಿಯಲಿಲ್ಲ. ಆದರೆ ನೂಲು ಬಂದ್ ಎಂದರೆ ಏನು ಎಂಬುದು ನೇಕಾರರ ಮಗಳಾದ ನನಗೆ ಚೆನ್ನಾಗಿ ಗೊತ್ತಿತ್ತು. ಒಬ್ಬ ಸಾವಕಾರ 'ಕೈ ಸರಿಯಿಲ್ಲ' ಎಂದು ಬಿಟ್ಟ ಮನೆಗೆ ಇನ್ನೊಬ್ಬ ಸಾವಕಾರ ನೂಲು ಕೊಡುವುದಿಲ್ಲ. ಮಗ್ಗ ನಿಲ್ಲುತ್ತದೆ, ಅದಕ್ಕಿಂತ ಹೆಚ್ಚಾಗಿ ಹೆಸರು ಹೋಗುತ್ತದೆ, ಮಕ್ಕಳಿಗೆ ಹೆಣ್ಣು ಕೇಳಲು ಹೋದಲ್ಲಿಯೂ ಆ ಹೆಸರು ಮುಂದಾಗಿ ಹೋಗಿ ಕುಳಿತಿರುತ್ತದೆ. ಮಳಿಗೆಯಲ್ಲಿ ಗೌರವ್ವನನ್ನು ಕೇಳಿದರೆ ಆಕೆ ಸಿಡಿದಳು: "ದೇವರಾಣಿ ಅಕ್ಕಾರ, ಒಂದ ಎಳಿ ಮುಟ್ಟಿಲ್ಲರಿ ನಾ. ಕದ್ದ ನೂಲ ಇಟಗೊಂಡ ಏನ ಮಾಡ್ಲಿರಿ, ಉಪ್ಪಿನಕಾಯಿ ಹಾಕ್ಲೇನ್ರಿ?" ಹೇಳುವಾಗ ಗಂಟಲು ಜೋರಿತ್ತು, ಕಣ್ಣು ತುಂಬಿದ್ದವು.

ಲೆಕ್ಕಪರಿಶೋಧನೆಯ ಪಾಠದಲ್ಲಿ, ಕಾಗದವನ್ನು ನಂಬುವ ಮೊದಲು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕು ಎಂದು ನಮಗೆ ಹೇಳಿದ್ದರು. ಅದನ್ನು ನಾವು ಎರಡು ಅಂಕಗಳ ಪ್ರಶ್ನೆಗೆ ಉತ್ತರವಾಗಿ ಬರೆದಿದ್ದೆವು. ಮೊದಲ ಬಾರಿಗೆ ಅದನ್ನು ಕಾಲಿನಿಂದ ಬರೆಯೋಣವೆಂದು ಒಂದು ಮಧ್ಯಾಹ್ನ ಗುಡ್ಡದ ಮಗ್ಗುಲಿಗೆ ಹೋದೆ. ಕಲ್ಲುನೆಲದ ಮೇಲೆ ತಗಡು ಹೊದಿಸಿದ ಮನೆ. ಒಳಗೆ ಎರಡು ಪವರ್‌ಲೂಮು ಬಡಿದುಕೊಳ್ಳುತ್ತಿದ್ದವು. ಬಾಗಿಲಲ್ಲಿ ಕಾಲಿಟ್ಟರೆ ರೊಟ್ಟಿಯ ಹಂಚಿನ ಮೇಲೆ ಮುಖ ಹಿಡಿದ ಹಾಗಾಯಿತು. ಗೌರವ್ವ ಕೊಟ್ಟ ನೀರನ್ನು ಕುಡಿಯುತ್ತಿದ್ದಂತೆಯೇ ಅದು ಬೆವರಾಗಿ ಹೊರಬರುತ್ತಿತ್ತು.

ಹೊರಗೆ ಬೇವಿನ ನೆರಳಿನಲ್ಲಿ ಒಬ್ಬ ಮುದುಕಿ ಕುಳಿತಿದ್ದಳು, ಬೆನ್ನು ಮಗ್ಗದ ಕೋಣೆಯ ಕಡೆಗೆ. ಅವಳೇ ನೀಲವ್ವ. "ಅತ್ತಿ ಒಳಗ ಬರೂದಿಲ್ಲರಿ," ಎಂದು ಗೌರವ್ವ ಮೆಲ್ಲಗೆ ಹೇಳಿದಳು. ಕೈಮಗ್ಗದ ಕಾಲದಲ್ಲಿ ಒಂದು ಬೇಸಿಗೆ ನೀಲವ್ವನ ಸೀರೆ ಹಳೆಯ ತಕ್ಕಡಿಗೂ ಕಾಣುವಷ್ಟು ತೂಕಕ್ಕೆ ಕಡಿಮೆ ಬಿದ್ದಾಗ, ಪದ್ಮಣ್ಣನವರ ತಂದೆ ಮಳಿಗೆಯ ಕಟ್ಟೆಯ ಮೇಲೆ ನಾಲ್ಕು ಜನರೆದುರಿಗೆ ಆಕೆಗೆ ಸೆರಗು ಝಾಡಿಸಿ ತೋರಿಸಲು ಹೇಳಿದ್ದರಂತೆ. ಸೆರಗಿನಿಂದ ಏನೂ ಬೀಳಲಿಲ್ಲ. ಆದರೆ ನೀಲವ್ವ ಆ ದಿನದಿಂದ ಪರರ ನೂಲನ್ನು ಮುಟ್ಟಿಲ್ಲ. ಮಗ ಮಗ್ಗ ಹಾಕಿದರೂ ಆ ಕೋಣೆಗೆ ಕಾಲಿಟ್ಟಿಲ್ಲ. ನಾನು ಹೊರಡುವಾಗ ಆಕೆ ನನ್ನ ಮುಖ ನೋಡದೆಯೇ, "ಸಾವಕಾರ್ರ ಕಡಿಂದ ಬಂದೀಯೇನ ತಂಗಿ? ಹುಡುಕಿದಿ? ಸಿಕ್ಕಿತೇನ?" ಎಂದಳು. ನಾನು ತಲೆ ತಗ್ಗಿಸಿ ಬಂದೆ.

ಮರುದಿನ ಬೆಳಿಗ್ಗೆ ವರ್ಷಾಂತ್ಯದ ದಾಸ್ತಾನು ಲೆಕ್ಕಕ್ಕೆಂದು ಗೋದಾಮಿಗೆ ಇಳಿದೆ. ಅದು ಮಳಿಗೆಯ ಹಿಂದೆ, ದಪ್ಪ ಗೋಡೆಯ ತಗ್ಗಿನ ಕೋಣೆ, ಮಣ್ಣಿನ ನೆಲ. ಲಕ್ಷ್ಮಿ ಇರುವ ಜಾಗವೆಂದು ಚಪ್ಪಲಿ ಹೊರಗೇ ಬಿಡಬೇಕು. ಬರಿಗಾಲಿಟ್ಟರೆ ಅಂಗಾಲು ತಣ್ಣಗಾಯಿತು. ಎಷ್ಟೋ ಸಲ ಹೀಗೆ ತಣ್ಣಗಾಗಿತ್ತು, ಹಾಯೆನಿಸಿತ್ತು, ಅಷ್ಟೇ. ಅಂದು ಮಾತ್ರ ಹಿಂದಿನ ದಿನದ ತಗಡಿನ ಝಳ ಇನ್ನೂ ಮೈಯಲ್ಲಿತ್ತು. ಎದುರಿಗೆ ಪದ್ಮಣ್ಣ ಸಾವಕಾರರು ತಾಮ್ರದ ಕೊಡ ಹಿಡಿದು, ನೂಲಿನ ಚೀಲಗಳ ನಡುವೆ ನೀರು ಚಿಮುಕಿಸುತ್ತಿದ್ದರು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿತ್ತು. ಬೇಸಿಗೆಯಲ್ಲಿ ನೂಲು ಒಣಗಿದರೆ ಮಗ್ಗದ ಮೇಲೆ ಪಟಪಟನೆ ಹರಿಯುತ್ತದೆ ಎಂದು ಅವರ ಅಪ್ಪನ ಕಾಲದಿಂದ ನಡೆದುಬಂದ ರೂಢಿ. ಅವರು ಅದನ್ನು ಆಳುಗಳಿಗೂ ಬಿಡದೆ ಪೂಜೆಯಂತೆ ತಾವೇ ಮಾಡುತ್ತಿದ್ದರು.

ನೀರು ಚಿಮುಕಿಸುವ ಆ ಕೈಯನ್ನು ನೋಡುತ್ತ ನಿಂತೆ. ಕೊಪ್ಪರಿಗೆಯ ಮೇಲಿನ ಉಗಿ, ಗಲಗಲಿ ಸರ್ ಎತ್ತಿದ ಬೆರಳು, ಮಾಲಿನ ಗುಣ ಮೊದಲು ನೋಡಿರಿ ಎಂಬ ಮಾತು, ಎಲ್ಲವೂ ಒಮ್ಮೆಲೇ ನೆನಪಿಗೆ ಬಂದವು. ನೂಲು ಈ ತಣ್ಣನೆಯ ಕೋಣೆಯಲ್ಲಿ ನೀರುಂಡು ಭಾರವಾಗಿ ಕಾಟಾ ಏರುತ್ತದೆ. ನದಿಯ ಕಡೆಯ ತಂಪು ಮನೆಗಳಲ್ಲಿ ಆ ನೀರು ಬಹುಮಟ್ಟಿಗೆ ಉಳಿಯುತ್ತದೆ. ಗುಡ್ಡದ ಮೇಲಿನ ತಗಡಿನ ಮನೆಯಲ್ಲಿ ಒಂದು ಹನಿಯೂ ಉಳಿಯದೆ ಆರಿಹೋಗುತ್ತದೆ. ಗೌರವ್ವನ ಮನೆಯಿಂದ ಕಾಣೆಯಾಗುತ್ತಿದ್ದದ್ದು ನೂಲಲ್ಲ, ಸಾವಕಾರರ ಕೊಡದ ನೀರು.

ಹೇಳಿದರೆ ಸಾವಕಾರರು ನಂಬಲಿಲ್ಲ. "ನೀರ ನಾ ನೆಲಕ್ಕ ಹಾಕತೇನಿ, ನೂಲಿಗಲ್ಲ" ಎಂದರು. ವಾದಿಸಿ ಗೆಲ್ಲುವ ಜಾಯಮಾನ ನನ್ನದಲ್ಲ. ಲೆಕ್ಕದವರು ಪುರಾವೆಯ ಜನ. ಗೋದಾಮಿನಿಂದ ಒಂದು ಕೋನು ನೂಲನ್ನು ಅವರ ಕೈಯಿಂದಲೇ ತೂಗಿಸಿ, ಅವರ ಮನೆಯ ಮಾಳಿಗೆಯ ಮೇಲಿನ ತಗಡಿನ ಕೋಣೆಯ ಕಪಾಟಿನಲ್ಲಿ ಅವರ ಕೈಯಿಂದಲೇ ಇಡಿಸಿ, ಕೀಲಿಯನ್ನು ಅವರ ಉಡದಾರಕ್ಕೇ ಕಟ್ಟಿಸಿದೆ. ಪಾಡ್ಯ ಸಮೀಪಿಸುತ್ತಿತ್ತು. ಆ ದಿನಗಳಲ್ಲಿ ನಾನು ಊರಿಗೆಲ್ಲ ಬಿಸಿಲು ಹೆಚ್ಚಾಗಲೆಂದು ಬೇಡಿಕೊಂಡ ಏಕೈಕ ಪ್ರಾಣಿಯಾಗಿದ್ದೆ.

ಹಬ್ಬದ ಮುನ್ನಾದಿನ ಕಪಾಟು ತೆಗೆದು ಕೋನನ್ನು ಕಾಟಾದ ಮೇಲಿಟ್ಟರು. ಕೆಂಪು ಅಂಕಿಗಳು ಕೆಳಗಿಳಿದು ನಿಂತವು. ಸಾವಕಾರರು ಕಾಟಾವನ್ನು ಒಮ್ಮೆ ತಟ್ಟಿದರು, ಅಂಕಿ ಬದಲಾಗಲಿಲ್ಲ. ತಿರುಗಿ ತಮ್ಮ ಮನೆಯವರನ್ನು ನೋಡಿದರು. "ನನ್ನ ಮಾರಿ ಏನ ನೋಡ್ತೀರಿ? ಕೀಲಿ ನಿಮ್ಮ ಉಡದಾರದಾಗ ಐತಿ!" ಎಂದು ಆ ತಾಯಿ ಸಿಡುಕಿದರು. ಸಾವಕಾರರು ತಮ್ಮ ಉಡದಾರವನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಕೆಳಗಿಳಿದು ಹೋಗಿ, ಗೋದಾಮಿನ ಮೆಟ್ಟಿಲ ಮೇಲೆ ಕುಳಿತು ತಮ್ಮ ಒದ್ದೆ ನೆಲವನ್ನೇ ನೋಡತೊಡಗಿದರು.

ಆ ಮಧ್ಯಾಹ್ನ ನಾನು ಗಲಗಲಿ ಸರ್‌ಗೆ ಫೋನು ಮಾಡಿದೆ. ನಿವೃತ್ತರಾಗಿ ಊರಲ್ಲಿದ್ದರು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ನೀವು ಕಲಿಸಿರದಿದ್ದರೆ ನಾನೂ ಆ ಹೆಣ್ಣುಮಗಳ ಮುಖವನ್ನೇ ನೋಡುತ್ತ ಕೂಡುತ್ತಿದ್ದೆ ಎಂದೆ. ಹೇಳುತ್ತ ಹೇಳುತ್ತ ಅತ್ತೂಬಿಟ್ಟೆ. ಅವರು, "ಛಲೋ ಆತವಾ. ಆ ಲೆಕ್ಕಾ ಪರೀಕ್ಷಾದಾಗ ಬರೋಬ್ಬರಿ ಮಾಡಿದ್ದೇನ ಇಲ್ಲ?" ಎಂದು ಕೇಳಿದರು. ಮೇಷ್ಟರು ಕಡೆತನಕ ಮೇಷ್ಟರೇ.

ಕಾಲೇಜು ನಮ್ಮನ್ನು ನೌಕರಿಗೆ ಸಜ್ಜುಗೊಳಿಸುವುದಿಲ್ಲ ಎಂಬ ದೂರನ್ನು ಈಗಲೂ ದಿನಕ್ಕೊಮ್ಮೆ ಕೇಳುತ್ತೇನೆ, ಅದರಲ್ಲಿ ನಿಜವೂ ಇದೆ. ಕಾಲೇಜು ನನಗೆ ಯಾವ ಗುಂಡಿ ಒತ್ತಬೇಕೆಂದು ಕಲಿಸಲಿಲ್ಲ. ಗುಂಡಿಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಅವನ್ನು ಕಲಿಸಿದ್ದರೂ ಇಷ್ಟರಲ್ಲಿ ಹಳೆಯವಾಗಿರುತ್ತಿದ್ದವು. ಅದು ಕಲಿಸಿದ್ದು, ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಕೇಳಬೇಕು ಎಂಬ ಒಂದು ಸರತಿಯನ್ನು. ನಾವು ಮನುಷ್ಯರು ಸಹಜವಾಗಿ ತಿರುವುಮುರುವಾಗಿ ಕೇಳುತ್ತೇವೆ: ಬೋಗುಣಿ ನೋಡಿದ ಮರುಕ್ಷಣ ಅಡುಗೆಯವಳ ಬಾಯಿ ನೋಡುತ್ತೇವೆ. ಅಪ್ಪ ಕಟ್ಟಿದ ಫೀಜಿಗೆ ಅದೊಂದೇ ಸರತಿ ಬಂದಿದ್ದರೂ ಅದು ಸೋವಿಯೇ ಎಂದು ಈಗ ಅನಿಸುತ್ತದೆ. ಆ ಕಾಲೇಜಿಗೂ, ಆ ಟೆಂಪೋಕ್ಕೂ, ತೋಳಿನ ಸೀಮೆಸುಣ್ಣದ ಪುಡಿಗೂ ನಾನು ಋಣಿ.

ಪಾಡ್ಯದ ಬೆಳಿಗ್ಗೆ ಗೌರವ್ವ ಮಳಿಗೆಗೆ ಬಂದಳು,‌ ನೂಲು ಬಂದ್ ಆಯಿತೆಂಬ ಮಾತನ್ನು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡು. ಸಾವಕಾರರು ಮೊದಲು ನೂಲನ್ನು ತೂಗಿಸಿ ಕೊಟ್ಟರು. ಆಮೇಲೆ ಆರುವ ತೂಕವನ್ನು ಇನ್ನು ಯಾರ ಮಜೂರಿಯಲ್ಲಿಯೂ ಮುರಿಯುವುದಿಲ್ಲ, ಹಿಂದೆ ಮುರಿದದ್ದನ್ನು ತಿರುಗಿ ಕೊಡುತ್ತೇನೆ ಎಂದರು. ನಾನು ಸಾಮಾನ್ಯ ನಷ್ಟವನ್ನು ಆಕೆಗೆ ತಿಳಿಯುವ ಹಾಗೆ ಹೇಳಿದೆ. ಗೌರವ್ವ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಆಕೆ ಚೀಲವನ್ನು ಎದೆಗೆ ಹಿಡಿದುಕೊಂಡು, "ಅಕ್ಕಾರ, ಈ ಸಾಮಾನ್ಯ ನಷ್ಟ ಅನ್ನೂದು ನಮ್ಮ ಅತ್ತಿ ಕಾಲಕ್ಕೂ ಇತ್ತೇನ್ರಿ?" ಎಂದಳು.

ನಾನು ಸಾವಕಾರರ ಕಡೆ ನೋಡಿದೆ. ಅವರ ಅಪ್ಪನ ಕಾಲದಲ್ಲಿಯೂ ಇದೇ ಗೋದಾಮಿತ್ತು, ಇದೇ ತಾಮ್ರದ ಕೊಡವಿತ್ತು. ಗುಡ್ಡದ ಮೇಲಿನ ಬಿಸಿಲೂ ಇದೇ. ಅವರು "ಇತ್ತವಾ" ಎಂದರು. ಎದ್ದು ಪೇಟ ಸರಿಮಾಡಿಕೊಂಡು, ಹಬ್ಬದ ವ್ಯಾಪಾರವನ್ನು ಹಾಗೆಯೇ ಬಿಟ್ಟು, "ನಡಿ ತಂಗಿ, ನೀನೂ ಬಾ" ಎಂದು ನನ್ನನ್ನು ಕರೆದುಕೊಂಡು ಗೌರವ್ವನ ಹಿಂದೆ ಗುಡ್ಡ ಹತ್ತಿದರು.

ನೀಲವ್ವ ಬೇವಿನ ನೆರಳಲ್ಲೇ ಇದ್ದಳು. ಸಾವಕಾರರನ್ನು ಕಂಡು ಏಳಲಿಲ್ಲ. ಅವರು ಆಕೆಯೆದುರು ನೆಲದ ಮೇಲೆಯೇ ಕುಳಿತರು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿರಬೇಕು, ಆದರೆ ಮಾತು ತಡವರಿಸಿತು. ನೀರು, ನೆಲ, ತಗಡು, ಕಪಾಟು ಎಲ್ಲವನ್ನೂ ಹೇಳಿ ಕಡೆಗೆ, "ಯವ್ವಾ, ನೀವು ನೂಲ ತಗೊಂಡಿರಲಿಲ್ಲರಿ. ಅದು ನಮ್ಮ ನೀರ ಆರಿ ಹೋಗಿತ್ತರಿ. ನಾಕ ಮಂದ್ಯಾಗ ನಿಮ್ಮ ಸೆರಗ ಝಾಡಸೂದು ತಪ್ಪಾತ್ರಿ" ಎಂದು ಕೈಮುಗಿದರು.

ಒಳಗೆ ಮಗ್ಗಗಳನ್ನು ಯಾರೋ ನಿಲ್ಲಿಸಿದ್ದರು. ನೀಲವ್ವ ಕೇಳಿದಳು: "ನಿಮ್ಮಪ್ಪಾರಿಗೆ ಇದು ಗೊತ್ತಿತ್ತೇನ?"

"ಇಲ್ಲ ಯವ್ವಾ. ಗೊತ್ತಿದ್ರ ಹಂಗ ಮಾಡೂವಂಥವರಲ್ಲರಿ."

"ಖರೇನ?"

"ಖರೇ ಯವ್ವಾ."

ಮುದುಕಿ ದೊಡ್ಡದಾಗಿ ಉಸಿರು ಬಿಟ್ಟಳು. "ನನ್ನ ಮಜೂರಿ ನುಂಗಾಕ ಬೇಕಂತನ ಹಂಗ ಮಾಡಿದ್ರು ಅಂತ ತಿಳಕೊಂಡಿದ್ನೆಪಾ ನಾ," ಎಂದಳು. "ಇಷ್ಟ ವರ್ಸ ಅವರನ್ನ ಕಳ್ಳ ಅಂತ ಬೈಕೋತ ಬಂದೇನಿ. ಅವರ ಸತ್ತ ಸುದ್ದಿ ಬಂದಾಗೂ ಬೈದೇನಿ. ಹಂಗಾರ ಅವರೂ ಕಳ್ಳ ಅಲ್ಲ ಬಿಡ, ತಮ್ಮಾ."

ಸಾವಕಾರರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಮಕ್ಕಳ ಹಾಗೆ ಅತ್ತರು. ನೀಲವ್ವ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು, ಬೇವು-ಬೆಲ್ಲ ತಾ ಎಂದು ಸೊಸೆಯನ್ನು ಕೂಗಿದಳು.